ಹೊಸ್ತಿಲಿಲ್ಲದ ಮನೆ

ಆಲ್ಡರ್ ಹಳ್ಳದ ರಸ್ತೆ,
ವಿಂಟರ್ಸ್‌ಬರ್ಗ್, ಇಂಡಿಯಾನಾ
ಭಾನುವಾರ, 3 ನವೆಂಬರ್ 1957

ಪ್ರೀತಿಯ ಅಕ್ಕ ಇರ್ಮಾ,

ನಿನ್ನ ಎರಡು ಕಾಗದಗಳೂ ಬಂದು ಏಳು ವಾರವಾಯಿತು. ಎರಡನ್ನೂ ಅಡುಗೆಮನೆಯ ಡ್ರಾಯರಿನಲ್ಲಿ ಚಮಚಗಳ ಕೆಳಗೆ ಇಟ್ಟಿದ್ದೇನೆ. ಚಮಚ ತೆಗೆದಾಗಲೆಲ್ಲ ನಿನ್ನ ಅಕ್ಷರ ಕಾಣುತ್ತದೆ, ಥಟ್ಟನೆ ಮುಚ್ಚಿಬಿಡುತ್ತೇನೆ. ಪತ್ರಿಕೆಯಲ್ಲಿ ಮನೆಯ ಚಿತ್ರ ಬಂದದ್ದೇ ತಂಗಿಯ ಕಣ್ಣು ನೆತ್ತಿಗೆ ಹತ್ತಿತು ಎಂದು ನೀನು ಅಂದುಕೊಂಡಿದ್ದರೆ ಅದರಲ್ಲಿ ನಿನ್ನ ತಪ್ಪೇನೂ ಇಲ್ಲ. ಕ್ಷಮಿಸು. ಕ್ಲೀಟಸ್ ಭಾವನ ಮಂಡಿ ಈಗ ಹೇಗಿದೆ? ನೀನು ಕಳಿಸಿದ ಪ್ಲಮ್ ಹಣ್ಣಿನ ಜಾಮ್ ಎರಡು ಶೀಶೆ ಒಡೆಯದೆ ಬಂದವು, ಮೂರನೆಯದು ಅಂಚೆಯವನ ಚೀಲಕ್ಕೆ ನೈವೇದ್ಯವಾಯಿತು.

ಎರಡು ಕಾಗದದಲ್ಲೂ ನೀನು ಒಂದೇ ಪ್ರಶ್ನೆ ಕೇಳಿದ್ದೀಯ. ಹಲ್ಲಿನ ಡಾಕ್ಟರ ಹತ್ತಿರ ಕಾಯುತ್ತ ಕೂತಾಗ ಪತ್ರಿಕೆ ಸಿಕ್ಕಿತು, ಎಂಟು ಪುಟ ನಿಮ್ಮದೇ ಮನೆ, ನೀನಿದ್ದೀಯ, ಗಂಡ ಲೋವೆಲ್ ಇದ್ದಾನೆ, ಬಟ್ಟಲಲ್ಲಿ ನಿಂಬೆಹಣ್ಣು ಕೂಡ ಇದೆ, ಮಗಳು ಲೆನೋರ್ ಎಲ್ಲಿ? ಅಂತ. ಹೇಳುತ್ತೇನೆ. ಮೊದಲು ಈ ಮನೆಯ ಮೇಲಿನ ನನ್ನ ಸಿಟ್ಟನ್ನು ಒಂದು ಸಲ ಕಾರಿಕೊಳ್ಳಲು ಬಿಡು. ಇಲ್ಲಿ ಕೇಳುವವರು ಯಾರೂ ಇಲ್ಲ.

ಇವತ್ತು ಬೆಳಿಗ್ಗೆಯಿಂದ ರೇಡಿಯೋದಲ್ಲಿ ಒಂದೇ ಸುದ್ದಿ, ರಷ್ಯದವರು ನಾಯಿಯೊಂದನ್ನು ಆಕಾಶಕ್ಕೆ ಕಳಿಸಿದ್ದಾರಂತೆ. ಲೋವೆಲ್ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಾನೆ. ಅವನ ಪಕ್ಕದಲ್ಲೇ ನಾಲ್ಕು ಪಾತ್ರೆಗಳಲ್ಲಿ ಮಾಳಿಗೆಯಿಂದ ನೀರು ಟಪಟಪ ಬೀಳುತ್ತಿದೆ. ನಾಯಿಯನ್ನು ನಕ್ಷತ್ರದ ಹತ್ತಿರ ಕಳಿಸುವ ಕಾಲದಲ್ಲಿ ಇಂಡಿಯಾನಾದಲ್ಲಿ ಒಂದು ಚಪ್ಪಟೆ ಮಾಳಿಗೆ ಸೋರದ ಹಾಗೆ ಮಾಡುವವನು ಹುಟ್ಟಿಲ್ಲ! ಮೂರು ಸಲ ಟಾರು ಬಳಿಸಿದ್ದಾಯಿತು. ನಮ್ಮ ವಾಸ್ತುಶಿಲ್ಪಿ ಕಾನ್ರಾಡ್ ಅಕ್ಟರ್‌ಬರ್ಗ್ ಬಂದು ಕತ್ತೆತ್ತಿ ನೋಡಿ, "ಇದು ಸೋರಿಕೆ ಅಲ್ಲ ಮಿಸೆಸ್ ಡೆಟ್ವೈಲರ್, ಹೊಸ ಮರ ಇನ್ನೂ ಹೊಂದ್ಕೊಳ್ತಾ ಇದೆ" ಅಂದ. "ಎರಡು ವರ್ಷದಿಂದ ಹೊಂದ್ಕೊಳ್ತಾ ಇದೆ, ಗಂಡ ಹೆಂಡ್ತೀನೇ ಅಷ್ಟು ಹೊತ್ತು ತಗೊಳ್ಳಲ್ಲ" ಅಂದೆ. ಆತ ನಕ್ಕ. ಮಳೆ ನಿಂತ ಮೇಲೂ ಒಂದು ಗಂಟೆ ಈ ಮನೆಯೊಳಗೆ ಮಳೆ ಬರುತ್ತದೆ.

ಎದುರು ಮನೆಯ ಓಪಲ್ ಸ್ಟಕಿ ನಿನಗೆ ನೆನಪಿರಬೇಕು, ಅಮ್ಮನ ಅಂತ್ಯಕ್ರಿಯೆಗೆ ಮೂರು ಬಗೆಯ ಪೈ ತಂದವಳು. ನಾವು ಬಂದ ವಾರವೇ ಬೇಲಿಯ ಹತ್ತಿರ ನಿಂತು, "ಮನೆ ಚೆನ್ನಾಗಿದೆ ವರ್ನಾ. ಛಾವಣಿ ಯಾವಾಗ ಹಾಕಿಸ್ತೀರಿ?" ಎಂದು ಕೇಳಿದಳು. "ಹಾಕಿಸಿ ಆಯ್ತು" ಅಂದೆ. "ಓಹೋ" ಅಂದಳು. ಆ ಒಂದು "ಓಹೋ" ನನ್ನ ಕಿವಿಯಿಂದ ಇನ್ನೂ ಇಳಿದಿಲ್ಲ. ಕಳೆದ ಚಳಿಗಾಲದಲ್ಲಿ ಯಾರೋ ಒಬ್ಬ ಓಹಾಯೋದವನು ನಮ್ಮ ಕಾರು ನಿಲ್ಲಿಸುವ ಚಪ್ಪರದೊಳಗೆ ನೇರ ಗಾಡಿ ತಂದು ಹಾರ್ನ್ ಹೊಡೆದ. ನಾನು ಹೊರಗೆ ಹೋದರೆ, "ಐದು ಗ್ಯಾಲನ್ ಹಾಕಮ್ಮ, ಗಾಜೂ ಒರೆಸಿಬಿಡು" ಅನ್ನಬೇಕೆ! ಪೆಟ್ರೋಲ್ ಬಂಕ್ ಅಂದುಕೊಂಡಿದ್ದಾನೆ. ಲೆನೋರ್ ಒಳಗಿನಿಂದ, "ಅಮ್ಮ, ಟೈರಿಗೆ ಗಾಳೀನೂ ನೋಡು" ಎಂದು ಕೂಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಗ ನಗುತ್ತಿದ್ದಳು.

ಹಿಂಬದಿಯ ಗೋಡೆ ನೆಲದಿಂದ ಮಾಳಿಗೆಯವರೆಗೆ ಗಾಜು. ಅದನ್ನು ಒರೆಸುವುದರಲ್ಲಿ ನನ್ನ ಶನಿವಾರಗಳು ಕರಗಿ ಹೋದವು. ಗುಬ್ಬಚ್ಚಿಗಳು ಬಂದು ಢಿಕ್ಕಿ ಹೊಡೆದು ಸಾಯುತ್ತವೆ. ಅಡುಗೆಮನೆಗೂ ಕೂರುವ ಕೋಣೆಗೂ ನಡುವೆ ಗೋಡೆಯೇ ಇಲ್ಲ, ಮೀನು ಹುರಿದರೆ ಸೋಫಾ ಮೂರು ದಿನ ಮೀನಿನ ವಾಸನೆ ಹೊಡೆಯುತ್ತದೆ. ಅಡುಗೆಕಟ್ಟೆಯ ಎತ್ತರ ಮೂವತ್ತೇ ಇಂಚು. ಅದರ ಮೇಲೆ ಎರಡು ವರ್ಷ ಹಿಟ್ಟು ನಾದಿ ನನ್ನ ಸೊಂಟ ಮುರಿದ ಕೊಡಲಿಕಾವಿನ ಹಾಗಾಗಿದೆ.

ಅದು ಯಾಕೆ ಮೂವತ್ತು ಇಂಚು ಎಂದು ನಿನಗೆ ಗೊತ್ತು. ಆದರೂ ಬರೆಯುತ್ತೇನೆ, ಬರೆದರೆ ನನಗೇ ಸ್ವಲ್ಪ ಸ್ಪಷ್ಟವಾದೀತು.

ಐವತ್ತೆರಡರ ಆಗಸ್ಟಿನಲ್ಲಿ ಲೆನೋರ್‌ಗೆ ಪೋಲಿಯೋ ಬಂದಾಗ ಅವಳಿಗೆ ಹನ್ನೊಂದು. ಆಸ್ಪತ್ರೆಯಿಂದ ಗಾಲಿಕುರ್ಚಿಯಲ್ಲಿ ಬಂದಳು, ಮೇಪಲ್ ಬೀದಿಯ ನಮ್ಮ ಹಳೆ ಮನೆಗೆ. ಬಾಗಿಲಿಗೆ ಆರು ಮೆಟ್ಟಿಲು, ಮಹಡಿಗೆ ಹದಿನಾಲ್ಕು, ಬಚ್ಚಲು, ಶೌಚಾಲಯ ಎರಡೂ ಮಹಡಿಯ ಮೇಲೆ. ಊಟದ ಕೋಣೆಯಲ್ಲಿ ಒಂದು ಹೊದಿಕೆ ನೇತುಹಾಕಿ ಅದರ ಹಿಂದೆ ಅವಳ ಮಂಚ. ಲೋವೆಲ್ ಪಂಪು ಕಾರ್ಖಾನೆಗೆ ಹೋಗುವ ಮುಂಚೆ ಒಮ್ಮೆ, ಮಧ್ಯಾಹ್ನ ಊಟಕ್ಕೆ ಓಡಿ ಬಂದು ಒಮ್ಮೆ, ಸಂಜೆ ಮತ್ತೆ, ಅವಳನ್ನು ಎತ್ತಿಕೊಂಡು ಮೇಲೆ ಹೋಗುತ್ತಿದ್ದ. ಹದಿಮೂರಾದಾಗ ಒಂದು ದಿನ ಅವಳು, "ಅಪ್ಪ, ನನ್ನನ್ನ ಆಲೂಗಡ್ಡೆ ಮೂಟೆ ಥರ ಹೊರಬೇಡ. ನಾಚಿಕೆ ಆಗುತ್ತೆ" ಅಂದಳು. ಲೋವೆಲ್ ಅವತ್ತು ಕಾರ್ಖಾನೆಗೆ ಹೋಗಲಿಲ್ಲ.

ಅಕ್ಟರ್‌ಬರ್ಗನನ್ನು ಹುಡುಕಿದವಳು ಅವಳೇ. ಊರಿನ ಹೊಸ ಗ್ರಂಥಾಲಯಕ್ಕೆ ಒಂದು ಮೆಟ್ಟಿಲೂ ಇಲ್ಲದ್ದನ್ನು ನೋಡಿ, ಕಟ್ಟಿದವರು ಯಾರು ಎಂದು ಕೇಳಿಕೊಂಡು, ಕಾಗದ ಬರೆದಳು. ಆತ ಬಂದ. ಬಂದು ನಮ್ಮೊಂದಿಗೆ ಎರಡು ಮಾತೂ ಆಡಲಿಲ್ಲ. "ನಿನ್ನ ಕುರ್ಚಿ ಒಂದು ಮಧ್ಯಾಹ್ನ ನಂಗೆ ಕೊಡ್ತೀಯಾ?" ಎಂದು ಅವಳನ್ನು ಕೇಳಿ, ಅವಳನ್ನು ಸೋಫಾದ ಮೇಲೆ ಕೂರಿಸಿ, ಸಂಜೆಯ ತನಕ ಗಾಲಿಕುರ್ಚಿಯಲ್ಲೇ ನಮ್ಮ ಮನೆ ತುಂಬ ಓಡಾಡಿದ. ಹೊಸ್ತಿಲಿಗೆ ಡಿಕ್ಕಿ ಹೊಡೆದ, ಬಾಗಿಲಿಗೆ ಗೆಣ್ಣು ತರಚಿಕೊಂಡ, ನಲ್ಲಿಗೆ ಕೈ ನಿಲುಕದೆ ಬೈದುಕೊಂಡ. ಲೆನೋರ್ ಸೋಫಾದಿಂದ, "ಎಡಕ್ಕೆ, ಎಡಕ್ಕೆ! ನೀವು ತುಂಬಾ ಕೆಟ್ಟ ಡ್ರೈವರ್" ಎಂದು ರೇಗಿಸುತ್ತಿದ್ದಳು. ಆಮೇಲೆ ಅವಳು ಶೆಡ್ಡಿನ ನೆಲದ ಮೇಲೆ ಸೀಮೆಸುಣ್ಣ ಹಿಡಿದು ತನ್ನ ಕುರ್ಚಿ ಪೂರ್ತಿ ಸುತ್ತಲು ಎಷ್ಟು ಜಾಗ ಬೇಕು ಎಂದು ವೃತ್ತ ಬರೆದು ತೋರಿಸಿದಳು. ಐದು ಅಡಿ. ಈ ಮನೆಯ ಪ್ರತಿ ಕೋಣೆಯೂ ಆ ಐದು ಅಡಿಯಿಂದ ಹುಟ್ಟಿದ್ದು ಇರ್ಮಾ. ಕಟ್ಟೆಯ ಎತ್ತರ ಅವಳ ಮೊಣಕೈಯ ಎತ್ತರ. ದೀಪದ ಸ್ವಿಚ್ಚುಗಳು ಅವಳ ಭುಜದ ಮಟ್ಟಕ್ಕೆ. ಗಾಜಿನ ಗೋಡೆ ನೆಲದ ತನಕ ಯಾಕೆಂದರೆ ಕೂತವಳಿಗೆ ಹಳ್ಳದ ನೀರು ಕಾಣಲಿ ಎಂದು. ಬೀದಿಯಿಂದ ಬಚ್ಚಲಿನ ತನಕ ಎಲ್ಲೂ ಒಂದು ಹೊಸ್ತಿಲು ಇಲ್ಲ.

ಬಂದ ಮೊದಲ ಬೆಳಿಗ್ಗೆ ಅವಳು ಯಾರನ್ನೂ ಕರೆಯದೆ ಎದ್ದು, ತಾನೇ ಅಡುಗೆಮನೆಗೆ ಹೋಗಿ ಮೊಟ್ಟೆ ಹುರಿದಳು. ಮೂರು ವರ್ಷದಲ್ಲಿ ಮೊದಲ ಸಲ. ಒಂದು ಕಡೆ ಸೀದು ಕಪ್ಪಾಗಿತ್ತು, ಇನ್ನೊಂದು ಕಡೆ ಹಸಿ. ಲೋವೆಲ್ ಅದನ್ನು ಪೂರ್ತಿ ತಿಂದು ತಟ್ಟೆಯನ್ನೂ ಬ್ರೆಡ್ಡಿನಿಂದ ಒರೆಸಿದ. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಸೋರಲಿ, ಮೀನು ನಾರಲಿ, ಅದಕ್ಕೇ ನಾನು ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ.

ಮಂಗಳವಾರ

ಭಾನುವಾರ ಪಾತ್ರೆ ತುಂಬಿ ಹರಿಯಿತು, ಎದ್ದು ಹೋಗಬೇಕಾಯಿತು. ನಿನ್ನೆ ಬರೆಯಲು ಮನಸ್ಸಾಗಲಿಲ್ಲ.

ಈಗ ಪತ್ರಿಕೆಯ ಕಥೆ. ಜೂನಿನಲ್ಲಿ ಅಕ್ಟರ್‌ಬರ್ಗ್ ಓಡೋಡಿ ಬಂದು, ದೊಡ್ಡ ಪತ್ರಿಕೆಯವರು ಚಿತ್ರ ತೆಗೆಯಲು ಬರುತ್ತಾರೆ ಎಂದ. ನಮ್ಮೂರಿನಂಥ ಸಣ್ಣ ಊರಿನ ಕಟ್ಟಡ ಇದುವರೆಗೆ ಯಾರ ಕಣ್ಣಿಗೂ ಬಿದ್ದದ್ದಿಲ್ಲ, ಖುಷಿಗೆ ಆತನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಪ್ರೂಯಿಟ್ ಎಂಬ ಛಾಯಾಗ್ರಾಹಕ ಷಿಕಾಗೋದಿಂದ ಒಂದು ಲಾರಿಯೊಂದಿಗೆ ಬಂದ. ಲಾರಿಯ ತುಂಬ ಕುರ್ಚಿ, ಮೇಜು, ಗಿಡದ ಕುಂಡ. ನಮ್ಮ ಸಾಮಾನೆಲ್ಲ ಹೊರಗೆ, ಅವನದೆಲ್ಲ ಒಳಗೆ. ನೀನು ಹೆಣೆದುಕೊಟ್ಟ ಉಣ್ಣೆಯ ಹೊದಿಕೆಯನ್ನು ಎರಡು ಬೆರಳಿನಲ್ಲಿ ಹಿಡಿದು ಹೊರಗೆ ಹಾಕಿದ, ಸತ್ತ ಇಲಿಯ ಹಾಗೆ. ನಾನು ಹಿಮ್ಮಡಿ ಎತ್ತರದ ಜೋಡು ಹಾಕಿಕೊಂಡು ಕಟ್ಟೆಯ ಹಿಂದೆ ನಿಲ್ಲಬೇಕು. "ಅಮ್ಮಾ, ಬಗ್ಗಬೇಡಿ. ನೇರವಾಗಿ ನಿಲ್ಲಿ" ಅಂದ. "ನೇರ ನಿಂತ್ರೆ ಕೈ ಕಟ್ಟೆಗೆ ತಾಗಲ್ಲ ಸ್ವಾಮಿ" ಅಂದೆ. "ಹಾಗಾದ್ರೆ ಒಂದು ಬಟ್ಟಲು ಹಿಡ್ಕೊಳ್ಳಿ, ಸುಮ್ನೆ" ಅಂದ. ಹಾಗೆ ಬಂದದ್ದು ಆ ನಿಂಬೆಹಣ್ಣು. ಸಂಜೆ ಕಾರ್ಖಾನೆಯಿಂದ ಬಂದ ಲೋವೆಲ್, "ಒಂದು ಡಜನ್ ನಿಂಬೆಹಣ್ಣು ನಮ್ಮ ಮನೇಲಿ ಯಾವತ್ತಾದ್ರೂ ಇತ್ತಾ? ಯಾರಿಗೆ ಇಷ್ಟೊಂದು ಪಿತ್ತ?" ಎಂದ. ಅವನ ಚಿತ್ರವನ್ನು ಮಾರನೆಯ ಬೆಳಿಗ್ಗೆ ತೆಗೆದರು, ಚಪ್ಪರದ ಕೆಳಗೆ ಕಾರು ಒರೆಸುವ ಹಾಗೆ. ಅವನು ಜನ್ಮದಲ್ಲಿ ಕಾರು ಒರೆಸಿದವನಲ್ಲ.

ಲೆನೋರ್ ಅವತ್ತು ಓಪಲ್ ಮನೆಯಲ್ಲಿದ್ದಳು. ನೆಲದ ತುಂಬ ತಂತಿ, ದೀಪದ ಕಾಲುಗಳು, ಗಾಲಿಕುರ್ಚಿ ಓಡಾಡಲು ಜಾಗವೇ ಇರಲಿಲ್ಲ.

ಸೆಪ್ಟೆಂಬರಿನಲ್ಲಿ ಪತ್ರಿಕೆ ಬಂತು. ನೀನು ಚಿತ್ರ ನೋಡಿದೆ, ಕೆಳಗಿನ ಬರಹ ಓದಿದೆಯೋ ಇಲ್ಲವೋ. ನನಗೆ ಬಾಯಿಪಾಠವಾಗಿದೆ. ಕಟ್ಟೆ ತಗ್ಗಾಗಿರುವುದು "ಅಡ್ಡಗೆರೆಗಳ ಮೇಲೆ ವಾಸ್ತುಶಿಲ್ಪಿಗಿರುವ ಸಂಯಮದ ಪ್ರೀತಿ"ಯಂತೆ. ಸ್ವಿಚ್ಚು ತಗ್ಗಿನಲ್ಲಿರುವುದು "ಗೋಡೆಯನ್ನು ಗೋಡೆಯಾಗಿಯೇ ಉಳಿಸುವ ಚಾತುರ್ಯ"ವಂತೆ. ಹೊಸ್ತಿಲು ಇಲ್ಲದ್ದಕ್ಕೆ ಒಂದಿಡೀ ಪ್ಯಾರಾ, ನೆಲ ನದಿಯ ಹಾಗೆ ಹರಿಯುತ್ತದೆ ಎಂದು. ಕೊನೆಯ ಸಾಲು: "ಮಕ್ಕಳಿಲ್ಲದ, ಆಧುನಿಕ ಮನಸ್ಸಿನ ದಂಪತಿಗೆ ಹೇಳಿ ಮಾಡಿಸಿದ ಮನೆ."

ಮಕ್ಕಳಿಲ್ಲದ!

ಲೆನೋರ್ ಪೂರ್ತಿ ಓದಿದಳು. ನಾನು ಪಾತ್ರೆ ತೊಳೆಯುವವಳ ಹಾಗೆ ನಿಂತಿದ್ದೆ. ಓದಿ ಮಡಚಿ ಮೇಜಿನ ಮೇಲಿಟ್ಟು, "ಚೆನ್ನಾಗಿ ಬಂದಿದೆ ಅಮ್ಮ. ನಿನ್ನ ಕೂದಲು ತುಂಬಾ ಚೆನ್ನಾಗಿ ಕಾಣುತ್ತೆ" ಅಂದಳು. ಅವತ್ತಿನಿಂದ ನನ್ನೊಂದಿಗೆ ಅಪರಿಚಿತರ ಜೊತೆ ಮಾತಾಡುವಷ್ಟು ಮರ್ಯಾದೆಯಿಂದ ಮಾತಾಡುತ್ತಾಳೆ. ಉಪ್ಪು ಬೇಕಿದ್ದರೆ "ದಯವಿಟ್ಟು" ಎನ್ನುತ್ತಾಳೆ, ಕೊಟ್ಟರೆ "ಥ್ಯಾಂಕ್ಸ್" ಎನ್ನುತ್ತಾಳೆ. ಮುಂಚೆ ನಾವು ದಿನಕ್ಕೆ ಮೂರು ಸಲ ಜಗಳ ಆಡುತ್ತಿದ್ದೆವು. ಆ ಜಗಳ ಬೇಕಾಗಿದೆ ನನಗೆ.

ನಾನು ಅಕ್ಟರ್‌ಬರ್ಗನಿಗೆ ಫೋನು ಮಾಡಿ ಕರೆಸಿದೆ. ಟೋಪಿ ತೆಗೆಯಲೂ ಬಿಡಲಿಲ್ಲ. "ಅಡ್ಡಗೆರೆ ಅಂತೆ! ನನ್ನ ಮಗಳ ಮೊಣಕೈ ನಿಮಗೆ ಅಡ್ಡಗೆರೆ ಆಯ್ತಾ? ಅವಳ ಕುರ್ಚಿಯಲ್ಲಿ ಕೂತು ಅವಳ ಲೆಕ್ಕಾಚಾರವನ್ನೆಲ್ಲ ಕದ್ಕೊಂಡು ಹೋಗಿ ನಿಮ್ಮ ಹೆಸರು ಹಾಕ್ಕೊಂಡ್ರಲ್ಲ!" ಎಂದು ಕಿರುಚಿದೆ.

"ಮಿಸೆಸ್ ಡೆಟ್ವೈಲರ್, ಲೆನೋರ್ ಬಗ್ಗೆ ನಾನು ಅವರಿಗೆ ಎಲ್ಲಾ ಹೇಳಿದ್ದೆ. ನಕ್ಷೆಯ ಮೇಲೂ ಅವಳ ಹೆಸರು ಬರೆದು ಕಳಿಸಿದ್ದೆ."

"ಹೇಳಿದ್ರೆ ಯಾಕೆ ಬರೀಲಿಲ್ಲ? ಮಕ್ಕಳಿಲ್ಲ ಅಂತ ಅವರಿಗೆ ಕನಸು ಬಿತ್ತಾ?"

ಆತ ಏನೋ ಹೇಳಲು ಬಾಯಿ ತೆರೆದ. ನನ್ನ ಮುಖ ನೋಡಿದ, ಲೋವೆಲ್ ಮುಖ ನೋಡಿದ. ಬಾಯಿ ಮುಚ್ಚಿದ. "ತಪ್ಪು ನನ್ನದೇ ಇರಬೇಕು" ಎಂದು ಹೊರಟುಹೋದ. ಲೋವೆಲ್ ಎದ್ದು ಹೋಗಿ ಪಾತ್ರೆಯ ನೀರು ಚೆಲ್ಲಿ ಬಂದ.

ಇನ್ನೊಂದು ತಲೆನೋವು, ಈಗ ಮನೆ ನೋಡಲು ಜನ ಬರುತ್ತಾರೆ. ಹೋದ ವಾರ ಫೋರ್ಟ್ ವೇಯ್ನ್‌ನಿಂದ ಒಂದು ಜೋಡಿ. ಅವರಿಗೂ ಇಂಥದೇ ಮನೆ ಬೇಕಂತೆ, ಇಂಥದೇ ತಗ್ಗು ಕಟ್ಟೆ ಬೇಕಂತೆ, ಅದೇ ಈಗಿನ ಶೋಕಿಯಂತೆ. ಆ ಹೆಂಗಸು ನನಗಿಂತ ಒಂದು ಮೊಳ ಎತ್ತರ! ಸೊಂಟ ಮುರಿದುಕೊಳ್ಳಲಿ ಬಿಡು. ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ, ಬಾಗಿಲು ತೆರೆದವಳು ಲೆನೋರ್. ತೆರೆದಿಟ್ಟ ಹಿಂಬಾಗಿಲಿನಿಂದ ನನಗೆ ಎಲ್ಲ ಕಾಣುತ್ತಿತ್ತು, ಕೇಳುತ್ತಿತ್ತು. "ಮನೆಯವರಿಲ್ವಾಮ್ಮ?" ಎಂದು ಆ ಹೆಂಗಸು ಕುರ್ಚಿಯನ್ನು ನೋಡುತ್ತ ಕೇಳಿದಳು. ಲೆನೋರ್ ಬಲು ವಿನಯದಿಂದ, "ಮನೆಯವರು ಹಿಂದೆ ಇದ್ದಾರೆ. ಅವರಿಗೆ ಮಕ್ಕಳಿಲ್ಲ, ಪತ್ರಿಕೆಯಲ್ಲಿ ಓದಿರಬೇಕಲ್ಲ? ನಾನು ಸುಮ್ನೆ ಗಾಜು ಎಷ್ಟು ಚೆನ್ನಾಗಿದೆ ನೋಡೋಣ ಅಂತ ಬಂದೆ" ಅಂದಳು. ಹಗ್ಗಕ್ಕೆ ಹಾಕುತ್ತಿದ್ದ ಒದ್ದೆ ಅಂಗಿ ನನ್ನ ಕೈಯಲ್ಲೇ ಉಳಿಯಿತು.

ಅವಳು ಇಲಿನಾಯ್‌ನ ವಿಶ್ವವಿದ್ಯಾಲಯಕ್ಕೆ ಬರೆದಿದ್ದಾಳೆ. ಅಲ್ಲಿ ಗಾಲಿಕುರ್ಚಿಯವರಿಗೆಂದೇ ಇಳಿಜಾರು ಕಟ್ಟಿದ್ದಾರಂತೆ, ಅವರನ್ನು ಹತ್ತಿಸಿಕೊಳ್ಳುವ ಬಸ್ಸು ಇದೆಯಂತೆ. ಕಟ್ಟಡ ಕಟ್ಟುವುದನ್ನು ಕಲಿಯಬೇಕಂತೆ. ಅರ್ಜಿಗೆ ಲೋವೆಲ್ ಸಹಿ ಹಾಕಿದ್ದಾನೆ, ನನಗೆ ಹೇಳಿದ್ದು ಅಂಚೆಗೆ ಹಾಕಿದ ಮೇಲೆ. ಅವಳು ಹೋಗಲಿ ಇರ್ಮಾ, ಹೋಗಬಾರದು ಎಂದು ನಾನು ಹೇಳಿಲ್ಲ. ಆದರೆ ಹೀಗೆ ಥ್ಯಾಂಕ್ಸ್ ಹೇಳುತ್ತ ಹೋಗಬಾರದು.

ದೇವರು ನಿನ್ನನ್ನೂ ಭಾವನನ್ನೂ ಚೆನ್ನಾಗಿ ಇಟ್ಟಿರಲಿ. ನಿಮ್ಮ ಕಡೆಯ ಹಿಮ ಈ ಸಲ ಮೆತ್ತಗೆ ಬೀಳಲಿ, ಮಂಡಿ ನೋವು ಇಳಿಯಲಿ. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಬರಲಾಗುವುದಿಲ್ಲ ಎಂದು ಗೊತ್ತು, ಆದರೂ ಟರ್ಕಿ ಕೋಳಿಯ ಒಂದು ಕಾಲು ನಿನ್ನ ಹೆಸರಿನಲ್ಲಿ ತೆಗೆದಿಡುತ್ತೇನೆ.

ನಿನ್ನ ಪ್ರೀತಿಯ ತಂಗಿ,
ವರ್ನಾ

ಮರೆತಿದ್ದು: ಮರೆತದ್ದಲ್ಲ. ಮೇಲೆ ಬರೆದದ್ದನ್ನು ಓದಿ ನೋಡಿದೆ. ನೀನು ಕೇಳಿದ್ದಕ್ಕೆ ನಾನು ಉತ್ತರವನ್ನೇ ಕೊಟ್ಟಿಲ್ಲ.

ಯಾರೂ ಅವಳನ್ನು ಹೊರಗೆ ಕಳಿಸು ಎನ್ನಲಿಲ್ಲ. ಪ್ರೂಯಿಟ್ ಅನ್ನಲಿಲ್ಲ, ಅಕ್ಟರ್‌ಬರ್ಗ್ ಅನ್ನಲಿಲ್ಲ. ಲಾರಿ ಬರುವ ಮುಂಚೆಯೇ, ಬೆಳಗಿನ ಬಿಸಿಲು ಗಾಜಿನಿಂದ ಒಳಗೆ ಬಂದು ನೆಲ ಪೂರ್ತಿ ಹೊಳೆಯುತ್ತಿತ್ತು, ಅಷ್ಟು ಚೆಂದವಾಗಿತ್ತು. ನಡುವೆ ಅವಳ ಕುರ್ಚಿ. ಐದು ವರ್ಷದಿಂದ ಜನ ನನ್ನನ್ನು ನೋಡಿದರೆ "ಅಯ್ಯೋ ಪಾಪ" ಎಂದೇ ನೋಡಿದ್ದಾರೆ. ಒಂದು ದಿನ, ಒಂದೇ ದಿನ, ಹಾಗೆ ನೋಡದಿರಲಿ ಎನ್ನಿಸಿತು. "ಇವತ್ತು ಓಪಲ್ ಮನೇಲಿ ಇರು ಚಿನ್ನ, ಇಲ್ಲಿ ಗಲಾಟೆ" ಅಂದೆ. "ನಾನೂ ಚಿತ್ರದಲ್ಲಿ ಬರಬೇಕಲ್ಲಮ್ಮ, ಮಿಸ್ಟರ್ ಅಕ್ಟರ್‌ಬರ್ಗ್ ಹೇಳಿದ್ರು" ಅಂದಳು. ಹೊಸ ನೀಲಿ ಅಂಗಿ ಹಾಕಿಕೊಂಡಿದ್ದಳು. "ಆಮೇಲೆ ಕರೀತೀನಿ" ಅಂದೆ. ಲೋವೆಲ್ ನನ್ನ ಮುಖ ನೋಡಿ, "ಇದು ಬೇಕಾ ವರ್ನಾ?" ಎಂದ. ನಾನು ಕಟ್ಟೆ ಒರೆಸತೊಡಗಿದೆ. ಅವನೂ ಓಪಲ್ ಗಂಡನೂ ಕುರ್ಚಿ ಸಮೇತ ಅವಳನ್ನು ಓಪಲ್ ಮನೆಯ ಐದು ಮೆಟ್ಟಿಲು ಹತ್ತಿಸಿ ಜಗಲಿಯಲ್ಲಿ ಬಿಟ್ಟು ಕೆಲಸಕ್ಕೆ ಹೋದರು. ಗಂಡಸರು ವಾಪಸು ಬರುವ ತನಕ ಅವಳು ಇಳಿಯುವ ಹಾಗಿರಲಿಲ್ಲ. ಜಗಲಿಯಿಂದ ನಮ್ಮ ಮನೆ ಪೂರ್ತಿ ಕಾಣುತ್ತದೆ. ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ ಅವಳು ಅಲ್ಲಿ ಕೂತು ನೋಡಿದಳು. ಓಪಲ್ ಎಷ್ಟು ಸಲ ಕೊಟ್ಟರೂ ಒಂದು ಗುಟುಕು ನೀರೂ ಕುಡಿಯಲಿಲ್ಲವಂತೆ. ಓಪಲ್ ಮನೆಯ ಶೌಚಾಲಯ ಮಹಡಿಯ ಮೇಲಿದೆ.

ಮಧ್ಯಾಹ್ನ ಪ್ರೂಯಿಟ್ ತಾನೇ ಕೇಳಿದ, "ನಿಮ್ಮ ಮಗಳೆಲ್ಲಿ? ಕಿಟಕಿ ಹತ್ತಿರ ಒಂದು ತೆಗೀಬೇಕಿತ್ತು." ಹುಷಾರಿಲ್ಲ ಅಂದೆ. ಜುಲೈನಲ್ಲಿ ಪತ್ರಿಕೆಯಿಂದ ಒಬ್ಬಳು ಹೆಂಗಸು ಫೋನು ಮಾಡಿ, ಮನೆಯಲ್ಲಿ ಯಾರ್ಯಾರು ಎಂದು ಕೇಳಿದಳು. "ನಾವಿಬ್ಬರೇ ಅಂತ ಬರ್ಕೊಳ್ಳಿ" ಅಂದೆ. ಅವಳು ಬರೆದುಕೊಂಡಳು. ಅಕ್ಟರ್‌ಬರ್ಗ್‌ಗೆ ಇದು ಪತ್ರಿಕೆಯವರಿಂದ ಗೊತ್ತಾಗಿತ್ತು ಇರ್ಮಾ. ಗೊತ್ತಿದ್ದೂ ನನ್ನ ಬೈಗುಳವನ್ನು ಹೊತ್ತುಕೊಂಡು ಹೋದ.

ಬುಧವಾರ. ಇದನ್ನು ಅಂಚೆಗೆ ಹಾಕುವ ಮೊದಲು ಲೆನೋರ್ ಕೈಗೆ ಕೊಟ್ಟೆ, ಓದು ಅಂದೆ. ಕಟ್ಟೆಯ ಹತ್ತಿರ ಕೂತು ಎಲ್ಲ ಹಾಳೆಗಳನ್ನೂ ಓದಿದಳು. ಕೊನೆಯ ಹಾಳೆಯನ್ನು ಮತ್ತೊಮ್ಮೆ ಓದಿದಳು. ಆಮೇಲೆ ಪೆನ್ನು ಕೇಳಿ ತೆಗೆದುಕೊಂಡು, "ನಾಲ್ಕಲ್ಲ ಅಮ್ಮ" ಅಂದಳು. "ಚಿತ್ರ ತೆಗೆಯೋರು ಅವತ್ತು ಹೋಗಿದ್ದು ನಾಲ್ಕಕ್ಕೆ. ನನ್ನನ್ನ ಇಳಿಸಿದ್ದು ಐದೂವರೆಗೆ." ಮೇಲೆ "ನಾಲ್ಕರವರೆಗೆ" ಎಂಬುದರ ಮೇಲೆ ನೀಲಿ ಶಾಯಿಯ ಗೆರೆ ಇದೆ ನೋಡು, ಪಕ್ಕದಲ್ಲಿರುವುದು ಅವಳ ಅಕ್ಷರ.